ಹಳೇ ಜೀಪಿನ ಬ್ಲೇಡ್ ಸೆಟ್: ಗಟ್ಟಿ ಮಾಡುವುದಲ್ಲ, ಹದಕ್ಕೆ ತರುವುದು

ಸಕಲೇಶಪುರದ ಕಡೆ ಕಾಫಿ ತೋಟವೊಂದರಲ್ಲಿ ಇಪ್ಪತ್ತು ವರ್ಷ ದುಡಿದ ಎಂಎಂ 540 ಜೀಪೊಂದನ್ನು ಬೆಂಗಳೂರಿನ ವಿಜಯನಗರದ ಮನೆಗೆ ತಂದಾಗ ಅದು ಬಲಕ್ಕೆ ವಾಲಿಕೊಂಡು ನಿಂತಿತ್ತು. ಕಂಡವರೆಲ್ಲ ಹೇಳಿದ್ದು ಒಂದೇ ಮಾತು: "ಬ್ಲೇಡ್ ಕೂತೋಗಿದೆ, ಒಂದು ಪ್ಲೇಟ್ ಜಾಸ್ತಿ ಹಾಕಿಸಿಬಿಡಿ." ಹಾಕಿಸಿದೆ. ವಾಲುವುದು ನಿಂತಿತು, ಆದರೆ ಕೂತವರ ಸೊಂಟ ಮುರಿಯತೊಡಗಿತು. ಮಾಗಡಿ ರಸ್ತೆಯ ಒಂದೊಂದು ಹಂಪ್ ದಾಟಿದಾಗಲೂ ಜೀಪು ಕಲ್ಲಿನ ಮೇಲೆ ಬಿದ್ದ ಕೊಡದಂತೆ ಸದ್ದು ಮಾಡುತ್ತಿತ್ತು. ಆರು ತಿಂಗಳೊಳಗೆ ಶಾಕ್ ಅಬ್ಸಾರ್ಬರ್ ಹಿಡಿದಿದ್ದ ಬ್ರಾಕೆಟ್ಟಿನ ಬುಡದಲ್ಲಿ ಬಿರುಕು ಕಾಣಿಸಿತು.

ಆಮೇಲೆ ಕಾಮಾಕ್ಷಿಪಾಳ್ಯದಲ್ಲಿ ಲಾರಿ ಬ್ಲೇಡ್ ಕೆಲಸ ಮಾಡುವ ಹಿರಿಯರೊಬ್ಬರು ಗಾಡಿಯ ಕೆಳಗೆ ಮಲಗಿ ನೋಡಿದರು. ಬ್ಲೇಡಿನ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ಲಿಗೆ ಒಂದು ಸಣ್ಣ ಹಾರೆ ಕೊಟ್ಟು ಮೀಟಿದರು. ಅದು ಒಂದೆಳೆಯೂ ಅಲುಗಲಿಲ್ಲ. "ಸಾರ್, ಇದು ಕೂತೋಗಿಲ್ಲ, ಹಿಡ್ಕೊಂಡೈತೆ. ಮೊದ್ಲು ಬಿಡಿಸ್ಬೇಕು" ಅಂದರು. ಶ್ಯಾಕಲ್ಲಿನ ಪಿನ್ನು ಬುಶ್ಶಿನೊಳಗೆ ತುಕ್ಕು ಹಿಡಿದು ಒಂದಾಗಿತ್ತು. ಬ್ಲೇಡುಗಳ ನಡುವೆ ಮಲೆನಾಡಿನ ಕೆಸರು ಹಲವು ಮಳೆಗಾಲಗಳಿಂದ ಸೇರಿ ಗಾರೆಯಂತಾಗಿತ್ತು. ನಾನು ಮಾಡಿಸಿದ್ದು ಆ ಸಿಕ್ಕಿಬಿದ್ದ ಕಟ್ಟಿಗೆ ಇನ್ನೊಂದು ಕಟ್ಟು.

ಹಳೇ ಜೀಪಿನ ಸಸ್ಪೆನ್ಷನ್ ಸರಿಪಡಿಸಲು ಹೊರಟವರು ಮೊದಲು ತಿಳಿಯಬೇಕಾದದ್ದು ಇದೇ. ಬ್ಲೇಡ್ ಸೆಟ್ ಅಂದರೆ ಗಾಡಿಯನ್ನು ಎತ್ತಿ ನಿಲ್ಲಿಸುವ ಕಂಬವಲ್ಲ, ಅಲುಗಾಡಲೆಂದೇ ಮಾಡಿದ ಭಾಗ. ಒಂದು ಬ್ಲೇಡು ಇನ್ನೊಂದರ ಮೇಲೆ ಜಾರಬೇಕು, ಶ್ಯಾಕಲ್ ತೂಗಬೇಕು, ಬುಶ್ ಬಳುಕಬೇಕು. ಇವುಗಳಲ್ಲಿ ಒಂದು ನಿಂತುಹೋದರೂ ಆ ಪೆಟ್ಟನ್ನು ಚಾಸಿ, ಬ್ರಾಕೆಟ್ಟು, ಕೊನೆಗೆ ಕೂತವರ ಬೆನ್ನು ತಿನ್ನುತ್ತದೆ.

ಯಾವ ಗಾಡಿಗಳಿಗೆ ಈ ಮಾತು?

ಮಹೀಂದ್ರಾ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ನಮ್ಮಲ್ಲಿ ಜೋಡಿಸತೊಡಗಿತು. ಅಮೆರಿಕದಲ್ಲಿ 1953ರಲ್ಲಿ ಬಂದ ಸಿಜೆ-3ಬಿ ಮಾದರಿ ಇಲ್ಲಿ ಹಲವು ದಶಕ ಓಡಿತು. 80ರ ದಶಕದಲ್ಲಿ ಪ್ಯೂಜೊ ಡೀಸೆಲ್ ಎಂಜಿನ್ನಿನ ಎಂಎಂ 540 ಬಂತು. ಮಾರುತಿ ಜಿಪ್ಸಿ ರಸ್ತೆಗಿಳಿದದ್ದು 1985ರ ಡಿಸೆಂಬರಿನಲ್ಲಿ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ದುಡಿದು, ಕೊಡಚಾದ್ರಿಯ ಕೊರಕಲಲ್ಲಿ ಜನರನ್ನು ಹೊತ್ತು, ಈಗ ರಾಜಾಜಿನಗರ, ಬಸವೇಶ್ವರನಗರದ ಮನೆಗಳ ಮುಂದೆ ಕವರ್ ಹೊದ್ದು ನಿಂತಿರುವ ಹಳೇ ಗಾಡಿಗಳಲ್ಲಿ ಹೆಚ್ಚಿನವು ಇವೇ.

ಇವುಗಳಲ್ಲಿ ನಾಲ್ಕು ಚಕ್ರಕ್ಕೂ ಬ್ಲೇಡ್ ಸೆಟ್ಟೇ ಆಸರೆ. ಉತ್ತರ ಕರ್ನಾಟಕದ ಲಾರಿ ಚಾಲಕರು ಇದನ್ನು ಪಾಟಾ ಎನ್ನುತ್ತಾರೆ. ಎಲ್ಲಕ್ಕಿಂತ ಉದ್ದದ್ದು, ತುದಿ ಸುತ್ತಿ ಕಣ್ಣು ಮಾಡಿರುವುದು ಮೈನ್ ಪ್ಲೇಟ್. ಅದಕ್ಕೆ ಅಂಟಿಕೊಂಡು ಒಂದಕ್ಕಿಂತ ಒಂದು ಗಿಡ್ಡ ಪ್ಲೇಟುಗಳು. ಎಲ್ಲವನ್ನೂ ಪೋಣಿಸುವುದು ನಡುವಿನ ಸೆಂಟರ್ ಬೋಲ್ಟ್, ಆಕ್ಸಲ್ ಹೌಸಿಂಗಿಗೆ ಬಿಗಿಯುವುದು ಯು-ಬೋಲ್ಟುಗಳು. ಮೈನ್ ಪ್ಲೇಟಿನ ಒಂದು ಕಣ್ಣು ಚಾಸಿಯ ಹ್ಯಾಂಗರಿನಲ್ಲಿ ಪಿನ್ನಿಗೆ ಕೂತಿರುತ್ತದೆ, ಇನ್ನೊಂದು ಶ್ಯಾಕಲ್ಲಿಗೆ ತೂಗುತ್ತದೆ. ಭಾರ ಬಿದ್ದಾಗ ಬಾಗಿದ ಬ್ಲೇಡು ಚಪ್ಪಟೆಯಾಗುತ್ತಾ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡುವುದೇ ಶ್ಯಾಕಲ್ಲಿನ ಕೆಲಸ. ಅದು ಹಿಡಿದುಕೊಂಡರೆ ಬ್ಲೇಡಿಗೆ ಹೋಗಲು ದಾರಿಯೇ ಇಲ್ಲ.

ಬಿಚ್ಚುವ ಮುನ್ನ ಅಳೆಯಿರಿ

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹೊಡೆಸಿರಬೇಕು. ಒಂದು ಟೈರಿನ ಗಾಳಿ ಕಡಿಮೆಯಿದ್ದರೂ ಗಾಡಿ ವಾಲಿದಂತೆ ಕಾಣುತ್ತದೆ.

ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದು ನಾಲ್ಕೂ ಕಡೆ ಅಳತೆ ಬರೆದುಕೊಳ್ಳಿ. ಹೆಚ್ಚಿನ ಓಡಾಟದಲ್ಲಿ ಗಾಡಿಯಲ್ಲಿ ಇರುವುದು ಚಾಲಕ ಒಬ್ಬನೇ. ಆದ್ದರಿಂದ ಅವನು ಕೂರುವ ಬಲಗಡೆ ತುಸು ಹೆಚ್ಚು ಕೂತಿರುವುದು ಸಹಜ. ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣ ಹುಡುಕಬೇಕು.

ಆಮೇಲೆ ಶ್ಯಾಕಲ್ಲುಗಳನ್ನು ನೋಡಿ. ನಿಂತ ಗಾಡಿಯಲ್ಲಿ ಶ್ಯಾಕಲ್ ಚಾಸಿಗೆ ಒರಗಿ ಮಲಗಿದ್ದರೆ, ಇಲ್ಲವೇ ಹಿಮ್ಮುಖವಾಗಿ ತಿರುಗಿದ್ದರೆ ಬ್ಲೇಡಿಗೆ ಚಲಿಸಲು ಜಾಗ ಉಳಿದಿಲ್ಲ ಎಂದರ್ಥ. ಕೆಳಗೆ ಮಲಗಿ ಟಾರ್ಚು ಹಿಡಿದರೆ ಇನ್ನಷ್ಟು ತಿಳಿಯುತ್ತದೆ:

- ಬ್ಲೇಡಿನಲ್ಲಿ ಅಡ್ಡಕ್ಕೆ ಹೊಸ ತುಕ್ಕಿನ ಕೆಂಪು ಗೆರೆ ಕಂಡರೆ ಅಲ್ಲಿ ಬಿರುಕಿದೆ.
- ಸೆಂಟರ್ ಬೋಲ್ಟ್ ಕಟ್ಟಾಗಿದ್ದರೆ ಹೌಸಿಂಗ್ ಹಿಂದೆಯೋ ಮುಂದೆಯೋ ಜರುಗಿರುತ್ತದೆ. ಎಡಬಲದಲ್ಲಿ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಅಳೆದರೆ ಗೊತ್ತಾಗುತ್ತದೆ.
- ಯು-ಬೋಲ್ಟಿನ ಸುತ್ತ ಬಣ್ಣ ಉಜ್ಜಿ ಲೋಹ ಹೊಳೆಯುತ್ತಿದ್ದರೆ ಅದು ಸಡಿಲವಾಗಿದೆ.
- ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿದ್ದರೆ ಅದರ ಆಯಸ್ಸು ಮುಗಿದಿದೆ.
- ಬ್ಲೇಡಿನ ತುದಿ ತನ್ನ ಮೇಲಿನ ಬ್ಲೇಡಿಗೆ ತಾಗುವಲ್ಲಿ ಬೆರಳಗಲದ ಹೊಳಪು ಇದೆಯೇ ನೋಡಿ. ಇದ್ದರೆ ಸಮಾಧಾನ, ಬ್ಲೇಡು ಜಾರುತ್ತಿದೆ. ಎಲ್ಲ ಒಂದೇ ಬಣ್ಣದ ತುಕ್ಕಾಗಿದ್ದರೆ ಸೆಟ್ಟು ಹಿಡಿದುಕೊಂಡಿದೆ.

ನನ್ನ ಜೀಪಿನಲ್ಲಿ ಆ ಹೊಳಪು ಒಂದು ಕಡೆಯೂ ಇರಲಿಲ್ಲ. ನಾನು ಆಗ ಅದನ್ನು ಹುಡುಕಿರಲೇ ಇಲ್ಲ.

ಬಿಚ್ಚುವಾಗ ಅವಸರ ಬೇಡ

ಎರಡು ದಿನ ಮುಂಚೆಯೇ ಎಲ್ಲ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಿಗ್ಗೆ ಸಂಜೆ ಮತ್ತೆ ಹಾಕಿ. ಜಾಕಿ ಎತ್ತಲು ಮಾತ್ರ, ನಿಲ್ಲಿಸಲು ಅಲ್ಲ. ಜಾಕಿಯೊಂದನ್ನೇ ನಂಬಿ ಯಾರೂ ಗಾಡಿಯ ಕೆಳಗೆ ಹೋಗಕೂಡದು. ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡುಗಳಿರಲಿ, ನೆಲದಲ್ಲಿ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಹೌಸಿಂಗಿನ ಕೆಳಗೆ ಬೇರೆ ಜಾಕಿ ಇಟ್ಟು, ಬ್ಲೇಡಿನ ಮೇಲೆ ಒತ್ತಡವೂ ಇಲ್ಲದಂತೆ, ಹೌಸಿಂಗು ಜೋತೂ ಬೀಳದಂತೆ ಹದವಾಗಿ ಹಿಡಿಯಬೇಕು. ಹೌಸಿಂಗ್ ಜೋತುಬಿದ್ದರೆ ಬ್ರೇಕಿನ ರಬ್ಬರ್ ಹೋಸ್ ಎಳೆದು ಹಾಳಾಗುತ್ತದೆ. ಒಂದು ಕಡೆಯ ಬ್ಲೇಡು ಬಿಚ್ಚಿ ಮುಗಿಸಿ, ಆಮೇಲೆ ಇನ್ನೊಂದು ಕಡೆಗೆ ಹೋಗಿ. ಎಲ್ಲ ಭಾಗಕ್ಕೂ ಎಡ, ಬಲ, ಮುಂದೆ, ಹಿಂದೆ ಎಂದು ಗುರುತು ಹಾಕಿ.

ಹಳೇ ವಿಲ್ಲಿಸ್ ನಮೂನೆಯ ಜೀಪಿನವರಿಗೆ ಒಂದು ಎಚ್ಚರಿಕೆ. ಅವುಗಳ ಶ್ಯಾಕಲ್ಲು 'ಯು' ಆಕಾರದ್ದು. ತುದಿಯಲ್ಲಿ ಥ್ರೆಡ್ ಇದ್ದು, ಅದರ ಮೇಲೆ ಥ್ರೆಡ್ ಇರುವ ಬುಶ್ ಕೂರುತ್ತದೆ. ಇವುಗಳಲ್ಲಿ ಕೆಲವು ಉಲ್ಟಾ ಥ್ರೆಡ್, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತವೆ. ಇದು ಗೊತ್ತಿಲ್ಲದೆ ಸ್ಪ್ಯಾನರಿಗೆ ಪೈಪು ಸೇರಿಸಿ ಎಳೆದು ಶ್ಯಾಕಲ್ಲನ್ನೇ ಮುರಿದವರಿದ್ದಾರೆ. ಬಿಡದಿದ್ದರೆ ನಿಲ್ಲಿಸಿ, ಯಾವ ಕಡೆಯ ಥ್ರೆಡ್ ಎಂದು ಮೊದಲು ನೋಡಿ.

ಸೆಟ್ಟು ಕೈಗೆ ಬಂದ ಮೇಲೆ ಸೆಂಟರ್ ಬೋಲ್ಟನ್ನು ಹಾಗೇ ಬಿಚ್ಚಬಾರದು. ಪ್ರತಿ ಗಿಡ್ಡ ಬ್ಲೇಡಿಗೂ ತನ್ನ ಮೇಲಿನದ್ದಕ್ಕಿಂತ ತುಸು ಹೆಚ್ಚು ಬಾಗು ಇರುವುದರಿಂದ ಇಡೀ ಸೆಟ್ಟು ಒತ್ತಿ ಹಿಡಿದ ಬಿಲ್ಲಿನಂತಿರುತ್ತದೆ. ಬೋಲ್ಟಿನ ಎರಡೂ ಪಕ್ಕ ಸಿ-ಕ್ಲ್ಯಾಂಪು ಬಿಗಿದು, ಇಲ್ಲವೇ ದೊಡ್ಡ ವೈಸಿನಲ್ಲಿ ಹಿಡಿದು, ಬೋಲ್ಟ್ ತೆಗೆದ ಮೇಲೆ ನಿಧಾನವಾಗಿ ಸಡಿಲಿಸಬೇಕು. ಮುಖ ಅದರ ನೇರಕ್ಕೆ ಇರಕೂಡದು.

ಸೀಮೆಎಣ್ಣೆ, ಸೀಮೆಸುಣ್ಣ

ಬ್ಲೇಡುಗಳನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ ಲೋಹ ಕಾಣುವಂತೆ ಮಾಡಿ. ಬಿರುಕು ಹುಡುಕಲು ಕುಲುಮೆಯವರ ಹಳೇ ಉಪಾಯವೊಂದಿದೆ. ಬ್ಲೇಡಿಗೆ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ನಿಧಾನಕ್ಕೆ ಮೇಲೆ ಬಂದು ಬಿಳಿ ಪುಡಿಯಲ್ಲಿ ಕೂದಲೆಳೆಯಂತೆ ಕಪ್ಪು ಗೆರೆ ಮೂಡುತ್ತದೆ. ನನ್ನ ಮೈನ್ ಪ್ಲೇಟಿನ ಕಣ್ಣಿನ ಬುಡದಲ್ಲಿ ಆ ಗೆರೆ ಮೂಡಿದ್ದನ್ನು ನೋಡುತ್ತಾ ನಿಂತಾಗ, ಈ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬೆಟ್ಟ ಹತ್ತಿದ್ದು ನೆನಪಾಗಿ ಕೈ ತಣ್ಣಗಾಯಿತು. ಬಿರುಕು ಬಿಟ್ಟ ಬ್ಲೇಡಿಗೆ ರಿಪೇರಿ ಇಲ್ಲ, ಅದು ಗುಜರಿಗೇ. ಅದಕ್ಕೆ ವೆಲ್ಡಿಂಗ್ ಮಾಡಿಸುವುದು ಪ್ರಾಣಕ್ಕೆ ಅಪಾಯ. ವೆಲ್ಡಿಂಗಿನ ಶಾಖಕ್ಕೆ ಸುತ್ತಲಿನ ಉಕ್ಕಿನ ಹದ ಕೆಟ್ಟು, ಪಕ್ಕದಲ್ಲೇ ಮತ್ತೆ ಮುರಿಯುತ್ತದೆ.

ಬಿರುಕಿಲ್ಲದ ಬ್ಲೇಡಿನ ದಪ್ಪವನ್ನು ವರ್ನಿಯರಿನಲ್ಲಿ ಅಳೆಯಿರಿ. ತುದಿ ಉಜ್ಜುವಲ್ಲಿ ಮೇಲಿನ ಬ್ಲೇಡು ತೋಡಿನಂತೆ ಸವೆದಿರುತ್ತದೆ. ಒಂದು ಮಿಲಿಮೀಟರ್ ತಾನೇ ಎನ್ನಬೇಡಿ. ಬ್ಲೇಡಿನ ಬಿಗಿ ಅದರ ದಪ್ಪದ ಘನಕ್ಕೆ ಅನುಗುಣ. 6 ಮಿ.ಮೀ. ಬ್ಲೇಡು ಉದ್ದಕ್ಕೂ ಸವೆದು 5 ಮಿ.ಮೀ. ಆದರೆ ಬಿಗಿಯಲ್ಲಿ ಶೇ. 42ರಷ್ಟು ಕಳೆದುಕೊಂಡಿರುತ್ತದೆ.

ಇದೇ ಲೆಕ್ಕ ತಿರುಗಿಸಿದರೆ ನಾನು ಮಾಡಿದ ತಪ್ಪೂ ಅರ್ಥವಾಗುತ್ತದೆ. ನನ್ನ ಸೆಟ್ಟಿಗೆ ಸೇರಿಸಿದ್ದು 8 ಮಿ.ಮೀ. ದಪ್ಪದ, ಯಾವುದೋ ದೊಡ್ಡ ಗಾಡಿಯ ಬ್ಲೇಡು. ಅದೇ ಉದ್ದ, ಅದೇ ಅಗಲದ 8 ಮಿ.ಮೀ. ಬ್ಲೇಡು ಒಂದೇ 6 ಮಿ.ಮೀ.ನ ಎರಡು ಬ್ಲೇಡಿಗಿಂತ ಬಿಗಿ. ಒಂದು ಹಾಕಿಸಿದೆ ಎಂದುಕೊಂಡಿದ್ದೆ, ಬಿದ್ದದ್ದು ಎರಡಕ್ಕಿಂತ ಹೆಚ್ಚು.

ಬಡಿಸುವುದೋ, ಹೊಸದೋ?

ಬಿರುಕಿಲ್ಲ, ದಪ್ಪ ಸರಿಯಿದೆ, ಬಾಗು ಮಾತ್ರ ಕಡಿಮೆಯಾಗಿದೆ ಎಂದಾದರೆ ಬ್ಲೇಡನ್ನು ಮತ್ತೆ ಬಾಗಿಸಬಹುದು. ಇದರಲ್ಲಿ ಮೂರು ಬಗೆ.

ಒಂದು, ತಣ್ಣಗಿರುವಾಗಲೇ ಅಡಿಗಲ್ಲಿನ ಮೇಲಿಟ್ಟೋ ಪ್ರೆಸ್ಸಿನಲ್ಲೋ ಸ್ವಲ್ಪ ಸ್ವಲ್ಪವೇ ಬಾಗಿಸುವುದು. ಕೈ ಪಳಗಿದವರು ಮಾಡಿದರೆ ಒಂದಷ್ಟು ಕಾಲ ಬಾಳುತ್ತದೆ, ಆದರೆ ನಿಧಾನಕ್ಕೆ ಮತ್ತೆ ಕೂರುತ್ತದೆ.

ಎರಡು, ಗ್ಯಾಸ್ ಕಟರಿನಲ್ಲಿ ಅಲ್ಲಲ್ಲಿ ಕೆಂಪಗೆ ಕಾಯಿಸಿ ಬಾಗಿಸುವುದು. ಇದನ್ನು ಎಷ್ಟು ಅಗ್ಗಕ್ಕೆ ಮಾಡಿಕೊಟ್ಟರೂ ಬೇಡ. ಕಾಯಿಸಿದ ಜಾಗ ಮೆದುವಾಗಿ, ಅದರ ಅಂಚು ಪೆಡಸಾಗಿ, ಒಂದೇ ಬ್ಲೇಡಿನಲ್ಲಿ ಹತ್ತು ಹದ ಆಗುತ್ತದೆ.

ಮೂರನೆಯದೇ ಸರಿಯಾದದ್ದು, ಪೂರ್ತಿ ಹದ ಹಾಕಿಸುವುದು. ಬ್ಲೇಡಿನ ಉಕ್ಕಿನಲ್ಲಿ ಹೆಚ್ಚಾಗಿ ಸಿಲಿಕಾನ್ ಮತ್ತು ಮ್ಯಾಂಗನೀಸ್ ಸೇರಿರುತ್ತದೆ. ಇಡೀ ಬ್ಲೇಡನ್ನು ಕುಲುಮೆಯಲ್ಲಿ 850ರಿಂದ 900 ಡಿಗ್ರಿ ಸೆಲ್ಸಿಯಸಿಗೆ ಕಾಯಿಸಿ, ಬಾಗು ಕೊಟ್ಟು, ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅದು ಗಾಜಿನಂತೆ ಪೆಡಸು. ಆಮೇಲೆ ಮತ್ತೆ 400ರಿಂದ 500 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಆರಿಸಿದಾಗ ಪೆಡಸು ಹೋಗಿ ಬಳುಕು ಬರುತ್ತದೆ. ಟೆಂಪರ್ ಎನ್ನುವುದು ಈ ಎರಡನೇ ಕಾವಿಗೆ. ನೀರಲ್ಲಿ ಅದ್ದುವವರನ್ನು ಕಂಡರೆ ಬ್ಲೇಡು ವಾಪಸ್ ತೆಗೆದುಕೊಂಡು ಬನ್ನಿ. ಈ ಉಕ್ಕು ನೀರಿನ ದಿಢೀರ್ ತಂಪಿಗೆ ಬಿರುಕು ಬಿಡುತ್ತದೆ.

ಕೆಲಸದವರನ್ನು ಆರಿಸುವಾಗ ನಾನು ಕೇಳುವುದು ಎರಡೇ ಪ್ರಶ್ನೆ: "ಯಾವುದರಲ್ಲಿ ಅದ್ದುತ್ತೀರಿ? ಆಮೇಲೆ ಎಷ್ಟು ಹೊತ್ತು ಕಾಯಿಸುತ್ತೀರಿ?" ಕೆಲಸ ಬಲ್ಲವರು ಈ ಪ್ರಶ್ನೆಗೆ ಸಂತೋಷಪಟ್ಟು ಕುಲುಮೆ ತೋರಿಸುತ್ತಾರೆ. ಮೈನ್ ಪ್ಲೇಟ್ ಮಾತ್ರ ಹಳತು ಬಡಿಸುವುದಕ್ಕಿಂತ ಹೊಸತು ಹಾಕಿಸುವುದೇ ಕ್ಷೇಮ. ಚಕ್ರವನ್ನು ಚಾಸಿಗೆ ಹಿಡಿದಿಟ್ಟಿರುವುದೇ ಅದು. ಬಡಿಸಿದರೂ ಹೊಸತು ಹಾಕಿದರೂ ಎಡಬಲ ಎರಡೂ ಒಟ್ಟಿಗೆ ಮಾಡಿಸಿ.

ಪಶ್ಚಿಮ ಬೆಂಗಳೂರಿನ ಅನುಕೂಲ

ಈ ಕೆಲಸಕ್ಕೆ ನಮ್ಮ ಕಡೆಯಷ್ಟು ಅನುಕೂಲದ ಜಾಗ ಕಡಿಮೆ. ರಾಜಾಜಿನಗರದ ಕೈಗಾರಿಕಾ ಪ್ರದೇಶ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ತುಸು ಆಚೆ ಪೀಣ್ಯ, ಎಲ್ಲೆಡೆ ಸಣ್ಣ ಲೇತ್ ಶಾಪುಗಳಿವೆ. ಅಂಗಡಿಯಲ್ಲಿ ಸಿಗದ ಪಿನ್ನು, ಬುಶ್ಶು, ಸ್ಪೇಸರನ್ನು ಮಾದರಿ ಕೊಟ್ಟರೆ ಮಾಡಿಕೊಡುತ್ತಾರೆ. ಹಳೇ ಸವೆದ ಪಿನ್ನನ್ನೇ ಮಾದರಿಯಾಗಿ ಕೊಡಬೇಡಿ, ಸವೆದ ಅಳತೆಯೇ ಹೊಸದಾಗಿ ಬರುತ್ತದೆ. ಪಿನ್ನಿನಲ್ಲಿ ಸವೆಯದ ಜಾಗ ತೋರಿಸಿ, ಅಲ್ಲಿ ಅಳೆಯಲು ಹೇಳಿ.

ಹೊಸ ಭಾಗಗಳಿಗೆ ಜೆ.ಸಿ. ರಸ್ತೆ ಇದೆ, ಹಳೇ ಭಾಗಗಳಿಗೆ ಶಿವಾಜಿನಗರದ ಗುಜರಿ ಇದೆ. ಗುಜರಿಯಿಂದ ಹ್ಯಾಂಗರ್ ಬ್ರಾಕೆಟ್ಟು, ಬ್ಲೇಡಿನ ಕೆಳಗಿನ ಪ್ಲೇಟು ತರಬಹುದು. ಬ್ಲೇಡು, ಯು-ಬೋಲ್ಟು, ಸೆಂಟರ್ ಬೋಲ್ಟು ಮಾತ್ರ ಬೇಡ. ಯು-ಬೋಲ್ಟು ಬಿಗಿದಾಗ ಹಿಗ್ಗುತ್ತದೆ, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಬಳಸಿದರೆ ಅದೇ ಬಿಗಿ ಹಿಡಿಯದು.

ಬುಶ್ಶಿನ ವಿಷಯ

ಹೆಚ್ಚಿನ ಕಟಕಟ ಸದ್ದಿಗೆ ಕಾರಣ ಬ್ಲೇಡಲ್ಲ, ಬುಶ್ಶು. ಇದರಲ್ಲಿ ಲೋಹದ್ದೂ ಇದೆ, ರಬ್ಬರಿನದ್ದೂ ಇದೆ. ಎರಡರ ಆರೈಕೆ ತದ್ವಿರುದ್ಧ.

ಲೋಹದ ಬುಶ್ಶಿಗೆ ಗ್ರೀಸೇ ಅನ್ನ. ನಿಪ್ಪಲ್ಲಿಗೆ ಗ್ರೀಸ್ ಗನ್ ಹಿಡಿದು, ಹಳೇ ಕಪ್ಪು ಗ್ರೀಸು ಹೊರಬಿದ್ದು ಹೊಸತು ಇಣುಕುವವರೆಗೆ ಒತ್ತಿ. ನಿಪ್ಪಲ್ ಮುಚ್ಚಿಹೋಗಿದ್ದರೆ ಬದಲಿಸಿ, ಅದರ ಬೆಲೆ ಒಂದು ಕಾಫಿಯಷ್ಟೂ ಇಲ್ಲ. ನೀರಲ್ಲಿ ಇಳಿದು ಬಂದ ಮೇಲೆ ಮರೆಯದೆ ಗ್ರೀಸ್ ಹಾಕಿ. ಥ್ರೆಡ್ ಇರುವ ವಿಲ್ಲಿಸ್ ಬುಶ್ಶನ್ನು ಹಾಕಿದ ಮೇಲೆ ಶ್ಯಾಕಲ್ಲು ಸಲೀಸಾಗಿ ತೂಗುತ್ತದೆಯೇ ಎಂದು ನೋಡಿಯೇ ಮುಂದುವರಿಯಿರಿ.

ರಬ್ಬರ್ ಬುಶ್ಶಿಗೆ ಗ್ರೀಸು, ಡೀಸೆಲ್ ತಾಗಿಸಬಾರದು, ರಬ್ಬರು ಉಬ್ಬಿ ಕೊಳೆಯುತ್ತದೆ. ಹಾಕುವಾಗ ಸೋಪಿನ ನೀರು ಸಾಕು. ಇದಕ್ಕಿಂತ ಮುಖ್ಯವಾದ ಮಾತು: ರಬ್ಬರ್ ಬುಶ್ಶಿನ ಬೋಲ್ಟನ್ನು ಗಾಡಿ ಮೇಲೆತ್ತಿರುವಾಗ ಪೂರ್ತಿ ಬಿಗಿಯಬಾರದು. ಕೈಬಿಗಿ ಮಾಡಿ, ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಸಲ ಕುಲುಕಿ, ಆಮೇಲೆ ಬಿಗಿಯಿರಿ. ರಬ್ಬರು ತಾನು ತಿರುಚಿಕೊಂಡೇ ಚಲನೆ ಕೊಡುತ್ತದೆ. ಚಕ್ರ ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ ನೆಲಕ್ಕಿಳಿದ ಕ್ಷಣದಿಂದಲೇ ಅದು ಹಿಂಡಿದ ಬಟ್ಟೆಯಂತೆ ತಿರುಚಿ ನಿಂತು, ಬೇಗ ಹರಿಯುತ್ತದೆ. ಹೊಸ ಬುಶ್ಶು ವರ್ಷವೂ ಬರಲಿಲ್ಲ ಎನ್ನುವವರಲ್ಲಿ ಬಹಳ ಮಂದಿಯ ತೊಂದರೆ ಇದೇ.

ಜೋಡಿಸುವ ಕ್ರಮ

1. ಬ್ಲೇಡುಗಳ ನಡುವೆ ಗ್ರಾಫೈಟ್ ಗ್ರೀಸನ್ನು ತೆಳ್ಳಗೆ ಸವರಿ. ಬಿಡಿಬಿಡಿಯಾಗಿ ತೆಳುವಾದ ಪ್ರೈಮರ್ ಸಾಕು. ಜೋಡಿಸಿದ ಸೆಟ್ಟಿನ ಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿದು ಬ್ಲೇಡುಗಳನ್ನು ಒಂದಕ್ಕೊಂದು ಅಂಟಿಸಬೇಡಿ.
2. ಹೊಸ ಸೆಂಟರ್ ಬೋಲ್ಟು ಹಾಕಿ, ಕ್ಲ್ಯಾಂಪಿನಲ್ಲಿ ಒತ್ತಿ ಬಿಗಿಯಿರಿ. ಬ್ಲೇಡುಗಳನ್ನು ಪಕ್ಕದಿಂದ ಹಿಡಿಯುವ ಕ್ಲಿಪ್ಪುಗಳನ್ನು ಬಿಡಬೇಡಿ. ಚಕ್ರ ಕೆಳಗೆ ಜೋತಾಗ ಎಲ್ಲ ಭಾರ ಮೈನ್ ಪ್ಲೇಟಿನ ಮೇಲೊಂದೇ ಬೀಳದಂತೆ ಅವು ತಡೆಯುತ್ತವೆ.
3. ಈ ಹಳೇ ಜೀಪುಗಳಲ್ಲೂ ಜಿಪ್ಸಿಯಲ್ಲೂ ಬ್ಲೇಡ್ ಸೆಟ್ ಇರುವುದು ಹೌಸಿಂಗಿನ ಕೆಳಗೆ. ಸೆಂಟರ್ ಬೋಲ್ಟಿನ ತಲೆ ಹೌಸಿಂಗಿನ ಸೀಟಿನ ತೂತಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಿಟ್ಟು ನೋಡಿ.
4. ಯು-ಬೋಲ್ಟಿನ ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಸುತ್ತು ಸುತ್ತಾಗಿ, ಸಮನಾಗಿ ಬಿಗಿಯಿರಿ. ಕೊನೆಯ ಬಿಗಿ ಗಾಡಿ ನೆಲದ ಮೇಲಿರುವಾಗ, ನಿಮ್ಮ ಮಾದರಿಯ ಕೈಪಿಡಿ ಹೇಳುವಷ್ಟು, ಟಾರ್ಕ್ ರೆಂಚಿನಲ್ಲಿ.
5. ಮುಂದಿನ ಹೌಸಿಂಗ್ ಮತ್ತು ಬ್ಲೇಡಿನ ನಡುವೆ ಬೆಣೆಯಾಕಾರದ ಪಟ್ಟಿ ಇದ್ದರೆ ಅದು ಇದ್ದ ದಿಕ್ಕಿನಲ್ಲೇ ಹಿಂತಿರುಗಲಿ. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಓರೆಯನ್ನು, ಅಂದರೆ ಕ್ಯಾಸ್ಟರನ್ನು, ಕೊಡುವುದು ಅದೇ. ಯುದ್ಧಕಾಲದ ವಿಲ್ಲಿಸಿನಲ್ಲಿ ಈ ಓರೆ 3 ಡಿಗ್ರಿ. ಬೆಣೆ ತಿರುಗಿದರೆ ಗಾಡಿ ರಸ್ತೆ ತುಂಬಾ ಅಲೆಯುತ್ತದೆ.
6. ಶಾಕ್ ಅಬ್ಸಾರ್ಬರನ್ನು ನೆಟ್ಟಗೆ ಹಿಡಿದು ಕೈಯಲ್ಲಿ ಐದಾರು ಸಲ ಎಳೆದು ಒತ್ತಿ. ನಡುವೆ ಎಲ್ಲೂ ಹಿಡಿತ ತಪ್ಪಬಾರದು. ತಪ್ಪಿದರೆ ಜೋಡಿಯನ್ನೇ ಬದಲಿಸಿ.
7. 100 ಕಿ.ಮೀ. ಓಡಿಸಿದ ಮೇಲೆ ಒಮ್ಮೆ, 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಯು-ಬೋಲ್ಟು ಬಿಗಿ ನೋಡಿ. ಈ ಕೊನೆಯ ಕೆಲಸವನ್ನೇ ಜನ ಮರೆಯುವುದು, ಸೆಂಟರ್ ಬೋಲ್ಟು ಕಟ್ಟಾಗುವುದೂ ಇದರಿಂದಲೇ.

ಎತ್ತರದ ಆಸೆ, ಕಾನೂನಿನ ಮಿತಿ

ಬ್ಲೇಡು ಬಿಚ್ಚಿದ್ದೇ ತಡ, ಅದನ್ನು ಹೌಸಿಂಗಿನ ಮೇಲೆ ಕೂರಿಸಿ ಗಾಡಿ ಎತ್ತರಿಸೋಣ ಎನ್ನುವ ಸಲಹೆ ಬರುತ್ತದೆ. ನೋಡಲು ಗತ್ತು ಬರಬಹುದು. ಆದರೆ ಭಾರದ ಕೇಂದ್ರ ಮೇಲೇರಿ ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ತಯಾರಕರು ಕೊಟ್ಟ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ನಿರ್ಬಂಧವೂ ಇದೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಆಗ ರಾಜಾಜಿನಗರದ ಕೆಎ-02 ಕಚೇರಿಯಾಗಲಿ ಬೇರೆಯದಾಗಲಿ, ಆರ್‌ಟಿಒದಲ್ಲಿ ಗಾಡಿ ತೋರಿಸಲೇಬೇಕು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ 'ವಿಎ' ಅಕ್ಷರಗಳ ವಿಂಟೇಜ್ ಸಂಖ್ಯೆ ಪಡೆಯಬಹುದು. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಹಳೇ ಸಿಜೆ-3ಬಿ ಇರುವವರು ತೆಗೆದ ಮೂಲ ಬ್ಲೇಡು, ಶ್ಯಾಕಲ್ಲುಗಳನ್ನು ಎಸೆಯದೆ ಎಣ್ಣೆ ಸವರಿ ಎತ್ತಿಡುವುದು ಒಳ್ಳೆಯದು.

ಓಡಿಸಿ ನೋಡಿ

ಮೊದಲ ಓಟಕ್ಕೆ ನಾನು ಕೆಂಗೇರಿಯಿಂದ ರಾಮೋಹಳ್ಳಿ ಕಡೆ, ದೊಡ್ಡ ಆಲದ ಮರದ ದಾರಿ ಹಿಡಿದೆ. ಹೆಚ್ಚುವರಿ ಬ್ಲೇಡು ತೆಗೆಸಿ, ಹೊಸ ಮೈನ್ ಪ್ಲೇಟು ಹಾಕಿಸಿ, ಉಳಿದವಕ್ಕೆ ಹದ ಹಾಕಿಸಿ, ಪಿನ್ನು ಬುಶ್ಶು ಎಲ್ಲ ಹೊಸತು ಮಾಡಿಸಿದ್ದೆ. ಹಂಪ್ ಬಂದಾಗ ಹಲ್ಲು ಕಚ್ಚಿಕೊಂಡೆ, ಹಳೇ ಅಭ್ಯಾಸ. ಮುಂದಿನ ಚಕ್ರ ಏರಿತು, ಇಳಿಯಿತು, ಜೀಪು ಒಮ್ಮೆ ತಲೆದೂಗಿ ಸುಮ್ಮನಾಯಿತು. ಸದ್ದಿಲ್ಲ.

ಮನೆಗೆ ಬಂದು ಟೇಪು ಹಿಡಿದೆ. ಎಡಬಲದ ವ್ಯತ್ಯಾಸ ಒಂದು ಸೆಂಟಿಮೀಟರೂ ಇರಲಿಲ್ಲ. ಒಂದು ಬ್ಲೇಡು ಕಡಿಮೆಯಾದ ಮೇಲೆ ಗಾಡಿ ನೆಟ್ಟಗೆ ನಿಂತಿತ್ತು.

100 ಕಿ.ಮೀ. ಆದ ದಿನ ಯು-ಬೋಲ್ಟು ಬಿಗಿಯಲು ಕೆಳಗೆ ಮಲಗಿದೆ. ನಟ್ಟು ಕಾಲು ಸುತ್ತು ತಿರುಗಿತು. ಟಾರ್ಚು ತುಸು ಆಚೆ ಸರಿಸಿದಾಗ ಎರಡನೇ ಬ್ಲೇಡಿನ ತುದಿಯ ಹತ್ತಿರ, ಗ್ರೀಸಿನ ಅಂಚಿನಲ್ಲಿ, ಬೆರಳಗಲದ ಹೊಳಪು ಕಂಡಿತು. ಈಗ ಪ್ರತಿ ತಿಂಗಳು ಗ್ರೀಸ್ ಗನ್ ಹಿಡಿದು ಕೆಳಗಿಳಿದಾಗ ನಾನು ಮೊದಲು ನೋಡುವುದು ಅದನ್ನೇ.